ಮರುಬಿಡುಗಡೆ ಸರಿ, ಮರಳಿ ಬರುತ್ತಿರುವುದು ಯಾವ ಸಿನಿಮಾ?

ಅಮೆರಿಕದ ಬಾಹ್ಯಾಕಾಶ ಸಾಹಸದ ಸರಣಿ 'ಸ್ಟಾರ್ ವಾರ್ಸ್'ನ ಮೊದಲ ಸಿನಿಮಾ 2027ರ ಫೆಬ್ರವರಿ 19ರಂದು ಮತ್ತೆ ಥಿಯೇಟರಿಗೆ ಬರಲಿದೆ ಎಂದು ಘೋಷಣೆಯಾಗಿದೆ. ಆ ವರ್ಷ ಅದಕ್ಕೆ ಐವತ್ತು ತುಂಬುತ್ತದೆ. ಹಾಸನದ ಸಾಲಗಾಮೆ ರಸ್ತೆಯ ಬಾಡಿಗೆ ರೂಮುಗಳಲ್ಲಿ ಇದ್ದುಕೊಂಡು ಓದುವಾಗ ಈ ಸರಣಿಯ ಹುಚ್ಚು ಹಿಡಿಸಿಕೊಂಡವರು ನಾವು ಐದು ಜನ. ಈಗ ಊರಲ್ಲಿ ಉಳಿದವರು ಇಬ್ಬರೇ. ಸುದ್ದಿ ಬಂದ ರಾತ್ರಿ ಎಲ್ಲರೂ ಫೋನ್ ಮಾಡಿದರು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಯಾವ ವರ್ಷದ್ದು?"

ಉತ್ತರ ಪ್ರಕಟಣೆಯಲ್ಲೇ ಇತ್ತು. 1977ರಲ್ಲಿ ಜನ ಥಿಯೇಟರಿನಲ್ಲಿ ನೋಡಿದ ರೂಪವನ್ನೇ ಶುಚಿ ಮಾಡಿ ತರುತ್ತಾರೆ. ಅದನ್ನು ಓದಿ ಹೇಳಿದಾಗ ನಮ್ಮಲ್ಲೊಬ್ಬನಿಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಸಿನಿಮಾ ಅಂದ್ರೆ ಒಂದೇ ಅಲ್ವಾ, ಅದರಲ್ಲಿ ಯಾವ ವರ್ಷದ್ದು ಅಂತ ಏನಿದೆ ಎಂದು ಅಕ್ಕನ ಮಗ ಕೇಳಿದ. ಅವನಿಗೆ ಹದಿನೇಳು ವರ್ಷ. ಈ ಲೇಖನ ಹುಟ್ಟಿದ್ದು ಅವನಿಗೆ ಉತ್ತರ ಕೊಡುವಾಗ. ಮರುಬಿಡುಗಡೆ ಎಂದರೆ ಅಭಿಮಾನಿಗೆ ಖುಷಿಯೂ ಆಗುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಎರಡೂ ಒಟ್ಟಿಗೆ ಯಾಕೆ ಆಗುತ್ತವೆ ಅನ್ನೋದಕ್ಕೆ 'ಸ್ಟಾರ್ ವಾರ್ಸ್'ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1977ರ ಮೇ 25ರಂದು ಅಮೆರಿಕದಲ್ಲಿ ಬಿಡುಗಡೆಯಾದ ಚಿತ್ರದ ಶುರುವಿನಲ್ಲಿ ಮೇಲಕ್ಕೆ ಸರಿಯುವ ಹಳದಿ ಅಕ್ಷರಗಳಿವೆ. 1981ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಅಲ್ಲಿ 'ನಾಲ್ಕನೇ ಕಂತು' ಎಂಬ ಸಾಲು ಸೇರಿತು. ಅದು ಸಣ್ಣ ಬದಲಾವಣೆ. ದೊಡ್ಡದು ಆದದ್ದು 1997ರಲ್ಲಿ. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಮೊದಲ ಮೂರೂ ಸಿನಿಮಾಗಳನ್ನು, ಅಂದರೆ 1977, 1980 ಮತ್ತು 1983ರವನ್ನು, ತಿದ್ದಿ ಮತ್ತೆ ತೆರೆಗೆ ತಂದರು. ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಗಳು ಬಂದವು. ಮೊದಲು ಕೈಬಿಟ್ಟಿದ್ದ ಒಂದು ದೃಶ್ಯ ಒಳಗೆ ಬಂತು. ಜೊತೆಗೆ ಒಂದು ಗುಂಡಿನ ಸದ್ದು ಹೊಸದಾಗಿ ಸೇರಿತು.

ಆ ಗುಂಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಾನ್ ಸೋಲೋ ಸಾಲ ಮಾಡಿಕೊಂಡ ಕಳ್ಳಸಾಗಣೆಗಾರ. ಅವನನ್ನು ಹಿಡಿಯಲು ಬಂದ ಗ್ರೀಡೋ ಮೇಜಿನ ಆ ಕಡೆ ಕೂತು ಬಂದೂಕು ತೋರಿಸುತ್ತಾನೆ. 1977ರಲ್ಲಿ ಹಾನ್ ಮಾತಾಡುತ್ತಲೇ ಮೇಜಿನ ಕೆಳಗಿಂದ ಅವನನ್ನು ಹೊಡೆದು ಎದ್ದು ಹೋಗುತ್ತಾನೆ. 1997ರಲ್ಲಿ ಗ್ರೀಡೋ ಮೊದಲು ಹೊಡೆಯುತ್ತಾನೆ, ಗುರಿ ತಪ್ಪುತ್ತದೆ, ಆಮೇಲೆ ಹಾನ್ ಹೊಡೆಯುತ್ತಾನೆ. ಒಂದು ಸೆಕೆಂಡಿನ ಬದಲಾವಣೆ. ಆದರೆ ತನ್ನ ಪಾಡಿಗೆ ತಾನು ಅನ್ನುವ ಈ ಸ್ವಾರ್ಥಿಯೇ ಕೊನೆಯಲ್ಲಿ ಗೆಳೆಯರಿಗಾಗಿ ವಾಪಸ್ ಬರುತ್ತಾನೆ. ಶುರುವಿನಲ್ಲೇ ಅವನನ್ನು ಒಳ್ಳೆಯವನನ್ನಾಗಿ ಮಾಡಿದರೆ ಆ ವಾಪಸ್ ಬರುವುದರ ತೂಕ ಕಡಿಮೆಯಾಗುತ್ತದೆ. ಅಭಿಮಾನಿಗಳು ಸುಮ್ನೆ ಹಟ ಮಾಡುತ್ತಿಲ್ಲ.

ಅಲ್ಲಿಗೂ ನಿಲ್ಲಲಿಲ್ಲ. 2004ರ ಡಿವಿಡಿಯಲ್ಲಿ ಮೂರನೆಯ ಚಿತ್ರದ ಕೊನೆಗೆ ಕಾಣಿಸುವ ವೃದ್ಧ ನಟನ ಬದಲು ಹೊಸ ಸಿನಿಮಾಗಳ ಯುವ ನಟ ಬಂದ. 2011ರ ಬ್ಲೂ-ರೇನಲ್ಲಿ, ಮೊದಲು ಮೌನವಾಗಿದ್ದ ಒಂದು ದೃಶ್ಯದಲ್ಲಿ, ಖಳನಾಯಕ ಡಾರ್ತ್ ವೇಡರ್ ಬಾಯಿಗೆ ಒಂದು ಚೀತ್ಕಾರ ಸೇರಿತು. 2019ರಲ್ಲಿ ಗ್ರೀಡೋಗೆ ಹೊಸ ಮಾತೊಂದು ಸಿಕ್ಕಿತು. ಪ್ರತಿ ಸಲವೂ ಹೊಸ ಪ್ರತಿ ಬಂತು, ಪ್ರತಿ ಸಲವೂ ಹಳೆಯದು ಇನ್ನಷ್ಟು ಹಿಂದಕ್ಕೆ ಸರಿಯಿತು. 2006ರಲ್ಲಿ ಒಮ್ಮೆ ಹಳೆಯ ರೂಪವನ್ನು ಡಿವಿಡಿ ಜೊತೆ ಕೊಟ್ಟರು. ಅದು 1993ರಲ್ಲಿ, ಡಿವಿಡಿಗೂ ಮುಂಚಿನ ಲೇಸರ್ ಡಿಸ್ಕ್‌ಗಾಗಿ ಮಾಡಿಟ್ಟಿದ್ದ ಪ್ರತಿ, ದೊಡ್ಡ ಟಿವಿಯಲ್ಲಿ ನೋಡಲು ಮಂಕಾಗಿತ್ತು. ಕೊನೆಗೆ ಅಭಿಮಾನಿಗಳೇ ಹಳೆಯ 35 ಎಂಎಂ ಪ್ರಿಂಟುಗಳನ್ನು ಹುಡುಕಿ, ಒಂದೊಂದು ಫ್ರೇಮನ್ನೂ ಸ್ಕ್ಯಾನ್ ಮಾಡಿ, ವರ್ಷಗಟ್ಟಲೆ ಕೂತು ಕಲೆ ತೆಗೆದರು. 2025ರ ಜೂನ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಉತ್ಸವದಲ್ಲಿ 1977ರ ಒಂದು ಅಸಲಿ ಪ್ರಿಂಟನ್ನು ಹಾಕಿದಾಗ ಅದು ಲೋಕದ ಸುದ್ದಿಯಾಯಿತು. ಒಂದು ಸಿನಿಮಾ ಇದ್ದಂತೆಯೇ ತೋರಿಸಿದ್ದು ಸುದ್ದಿಯಾಗಬೇಕಾದರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ನೋಡಿ.

ನನಗೆ ಜಾಸ್ತಿ ನೋವು ಕೊಡುವುದು ಇನ್ನೊಂದು ವಿಷಯ. 1988ರಲ್ಲಿ ಇದೇ ಲ್ಯೂಕಾಸ್ ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷಿ ಹೇಳಿದ್ದರು. ಆಗ ಅಲ್ಲಿ ಕಪ್ಪು-ಬಿಳುಪು ಸಿನಿಮಾಗಳಿಗೆ ಬಣ್ಣ ಬಳಿಯುವ ಕೆಲಸ ಜೋರಾಗಿತ್ತು. ಲಾಭಕ್ಕಾಗಿಯೋ ಅಧಿಕಾರ ತೋರಿಸಲೋ ಕಲಾಕೃತಿಯನ್ನು ತಿದ್ದುವವರು ಅನಾಗರಿಕರು ಎಂದು ಅವರು ನೇರವಾಗಿ ಹೇಳಿದರು. ಮುಂದೊಂದು ದಿನ ನಟರ ಮುಖವನ್ನೇ ಬದಲಿಸಿ ಎಳೆಯ ಮುಖ ಕೂರಿಸುವ, ಮಾತು ಬದಲಿಸಿ ತುಟಿ ಹೊಂದಿಸುವ ತಂತ್ರ ಬರುತ್ತದೆ ಎಂದೂ ಎಚ್ಚರಿಸಿದರು. ಎಷ್ಟು ಸರಿಯಾಗಿ ಕಂಡಿದ್ದರು! ಅವರ ಆ ಮಾತನ್ನು ಇವತ್ತಿಗೂ ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಒಂಬತ್ತು ವರ್ಷಕ್ಕೆ ತಮ್ಮ ಸಿನಿಮಾವನ್ನೇ ಅವರು ತಿದ್ದಲು ಕೂತರು. ತಿದ್ದಿದ್ದೇ ತಮ್ಮ ಮನಸ್ಸಿನ ಸಿನಿಮಾ, ನೀವು ಪ್ರೀತಿಸಿದ್ದು ಅರ್ಧ ಮುಗಿದದ್ದು ಎಂಬುದು ಆಮೇಲೆ ಅವರು ಕೊಟ್ಟ ಉತ್ತರ.

ಅರ್ಧ ಮುಗಿದದ್ದು. ಹಾಸನದವರಿಗೆ ಈ ಮಾತು ಕೇಳಿದ ಕೂಡಲೇ ನೆನಪಾಗುವುದು ಹಳೇಬೀಡು. ಇಲ್ಲಿಂದ ಮೂವತ್ತು ಕಿಲೋಮೀಟರ್ ದಾರಿ. ಹೊಯ್ಸಳೇಶ್ವರ ದೇವಸ್ಥಾನಕ್ಕೆ ಶಿಖರವಿಲ್ಲ. ಕೆಲವು ಕಡೆ ಕೆತ್ತನೆ ನಡುವೆಯೇ ನಿಂತಿದೆ. ಎಷ್ಟೋ ಮೂರ್ತಿಗಳಿಗೆ ಕೈಯಿಲ್ಲ, ಮೂಗಿಲ್ಲ. ಬಿದ್ದುಹೋಗುವ ಕಡೆ ಆಸರೆಗೆ ಸಾದಾ ಕಲ್ಲು ಕೊಡುತ್ತಾರೆ, ತೊಳೆಯುತ್ತಾರೆ, ಗಿಡ ಕೀಳುತ್ತಾರೆ. ಒಡೆದ ಮೂಗಿಗೆ ಹೊಸ ಮೂಗು ಕೆತ್ತುವುದಿಲ್ಲ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಅದು ಯುನೆಸ್ಕೊ ಪಟ್ಟಿಗೆ ಸೇರಿದ್ದು ಹೀಗೆ ಇದ್ದಂತೆಯೇ. ಶುಚಿ ಮಾಡುವುದು ಬೇರೆ, ತಿದ್ದುವುದು ಬೇರೆ ಅನ್ನೋದನ್ನು ನಾವು ಶಾಲೆಯ ಪ್ರವಾಸದಲ್ಲೇ ಕಣ್ಣಾರೆ ಕಂಡಿದ್ದೇವೆ. ಸಿನಿಮಾಕ್ಕೂ ಇದೇ ಅಳತೆ ಸಾಕು ಎಂದು ಬಹಳ ಕಾಲ ನಂಬಿದ್ದೆ.

ಆದರೆ ಅಷ್ಟು ಸುಲಭವಲ್ಲ. ಯಾಕೆಂದರೆ ನಾವು ಐದು ಜನ ಆ ರೂಮಿನಲ್ಲಿ ಮೊದಲ ಸಲ ನೋಡಿದ್ದೇ 1997ರ ತಿದ್ದಿದ ಪ್ರತಿ. ಬಾಡಿಗೆಗೆ ತಂದ ಸಿಡಿಗಳು. ಗ್ರೀಡೋ ಮೊದಲು ಹೊಡೆದದ್ದನ್ನೇ ನೋಡಿ ನಾವು ಆ ಸರಣಿಯನ್ನು ಪ್ರೀತಿಸಿದೆವು. ಹಳೆಯ ರೂಪ ಒಂದಿದೆ ಎಂದು ಗೊತ್ತಾದದ್ದೇ ಆಮೇಲೆ. ಹಾಗಾದರೆ ನಮ್ಮ ನೆನಪು ಯಾವುದಕ್ಕೆ ಅಂಟಿಕೊಂಡಿದೆ? ಅಕ್ಕನ ಮಗನಿಗೆ ಇದೇ ಸರಣಿಯ 2005ರ ಚಿತ್ರವೇ ಪ್ರಾಣ. ನಮ್ಮ ಕಾಲದಲ್ಲಿ ಅದನ್ನು ಜನ ಬೈಯುತ್ತಿದ್ದರು. ಇಪ್ಪತ್ತು ವರ್ಷಕ್ಕೆ, 2025ರ ಏಪ್ರಿಲ್‌ನಲ್ಲಿ, ಅದು ಮತ್ತೆ ಬಿಡುಗಡೆಯಾದಾಗ ಅವನ ವಯಸ್ಸಿನವರು ಮುಗಿಬಿದ್ದು ನೋಡಿದರು. ಪ್ರತಿ ತಲೆಮಾರಿಗೂ ತಾನು ಮೊದಲು ನೋಡಿದ್ದೇ ಅಸಲಿ.

ಇದನ್ನು ಇನ್ನೂ ಚೆನ್ನಾಗಿ ಅರ್ಥ ಮಾಡಿಸಿದವರು ನಮ್ಮ ಬೀದಿಯಲ್ಲೇ ಇರುವ ಒಬ್ಬ ಹಿರಿಯರು. ಮೂವತ್ತು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಒಂದು ರೀಲು ಅಂದರೆ ಸುಮಾರು 1000 ಅಡಿ, ಹನ್ನೊಂದು ನಿಮಿಷದ ಆಟ, ಸೆಕೆಂಡಿಗೆ 24 ಚಿತ್ರ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಓಡಿದ ಮೇಲೆ ಡಬ್ಬಗಳು ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಿದ್ದವು. ಆಮೇಲೆ ಹಳ್ಳಿಗಳ ಟೆಂಟಿಗೆ. ರೀಲು ಹರಿದಾಗಲೆಲ್ಲ ಹರಿದ ಚಿತ್ರಗಳನ್ನು ಕತ್ತರಿಸಿ ಜಾಯಿಂಟ್ ಹಾಕಬೇಕು. "ಸಿ.ಐ.ಡಿ. 999 ಪ್ರಿಂಟು ನನ್ನ ಕೈಗೆ ಬರೋ ಹೊತ್ತಿಗೆ ಮಳೆ ಸುರಿದಂಗೆ ಗೆರೆ. ಫೈಟ್‌ನಲ್ಲಿ ಅಣ್ಣಾವ್ರು ಕೈ ಎತ್ತಿದ್ರೆ ವಿಲನ್ ಆಗ್ಲೇ ಬಿದ್ದಿರ್ತಿದ್ದ ಕಣಯ್ಯ. ಮಧ್ಯದ್ದು ಯಾವೂರಲ್ಲೋ ಹೋಗಿರ್ತಿತ್ತು" ಎಂದರು.

ರಾಜ್‌ಕುಮಾರ್ ಗೂಢಚಾರನಾದ ಆ ಸರಣಿಯಲ್ಲಿ 'ಜೇಡರ ಬಲೆ'ಯಿಂದ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ, 1968ರಿಂದ 1978ರ ನಡುವೆ, ನಾಲ್ಕು ಸಿನಿಮಾ ಬಂದವು. ನಮ್ಮ ಕಡೆ ಜನ ಅವನ್ನು ನೋಡಿದ್ದು ಬಹುಪಾಲು ಎರಡನೇ, ಮೂರನೇ ಬಿಡುಗಡೆಯಲ್ಲಿ, ಹೀಗೆ ತುಂಡಾದ ಪ್ರಿಂಟಿನಲ್ಲಿ. ಅಂದರೆ ಚಿಕ್ಕ ಊರಿಗೆ ಅಸಲಿ ಅನ್ನೋದು ಯಾವತ್ತೂ ಪೂರ್ತಿ ತಲುಪಲೇ ಇಲ್ಲ. ಆದರೂ ಜನ ದೂರಲಿಲ್ಲ. ಯಾಕೆ ಗೊತ್ತಾ? ಹರಿದದ್ದು ಪ್ರಿಂಟು, ಸಿನಿಮಾ ಅಲ್ಲ ಎಂಬ ನಂಬಿಕೆ ಇತ್ತು. ಬೆಂಗಳೂರಿನಲ್ಲೋ ಮದ್ರಾಸಿನ ಲ್ಯಾಬಿನಲ್ಲೋ ಪೂರ್ತಿಯಾದದ್ದು ಒಂದು ಇದೆ ಅನ್ನೋ ಭರವಸೆ. ನನ್ನ ತಕರಾರು ಈ ಭರವಸೆಯ ಬಗ್ಗೆಯೇ. ತಿದ್ದಲಿ, ಬಣ್ಣ ಹಾಕಲಿ, ಜೋಡಿಸಲಿ. ಹಳೆಯದು ಎಲ್ಲೋ ಇದೆ, ಬೇಕೆಂದಾಗ ನೋಡಬಹುದು ಅನ್ನೋದು ಗ್ಯಾರಂಟಿ ಇದ್ದರೆ ಯಾರಿಗೂ ಸಂಕಟವಿಲ್ಲ. ಹೊಸದು ಬಂದು ಹಳೆಯದರ ಜಾಗದಲ್ಲೇ ಕೂತುಬಿಟ್ಟಾಗ ಮಾತ್ರ ಎದೆ ಕುಸಿಯುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ 'ಬಾಹುಬಲಿ'. 2015 ಮತ್ತು 2017ರ ಎರಡು ಭಾಗಗಳನ್ನು ಜೋಡಿಸಿ 2025ರ ಅಕ್ಟೋಬರ್ 31ರಂದು ಒಂದೇ ಸಿನಿಮಾ ಮಾಡಿ ತಂದರು. ಐದು ಗಂಟೆಗೂ ಮೀರಿದ್ದ ಕಥೆ ಸುಮಾರು ಮೂರೂಮುಕ್ಕಾಲು ಗಂಟೆಗೆ ಇಳಿಯಿತು. ಹಾಡುಗಳು ಹೋದವು, ದೃಶ್ಯಗಳು ಹೋದವು. ನನ್ನ ತಂಗಿಗೆ ಇಷ್ಟವಾದ ಹಾಡೇ ಇರಲಿಲ್ಲ. ಅವಳಿಗೆ ಬೇಜಾರಾಯಿತು, ಸಿಟ್ಟು ಬರಲಿಲ್ಲ. ಮನೆಗೆ ಬಂದು ಹಳೆಯ ಮೊದಲ ಭಾಗ ಹಾಕಿಕೊಂಡು ನೋಡಿದಳು.

'ಶೋಲೆ'ಯದು ಇನ್ನೂ ಕಷ್ಟದ ಪ್ರಕರಣ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಸಿನಿಮಾ. 1975ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಠಾಕೂರ್ ಗಬ್ಬರ್‌ನನ್ನು ಕೊಲ್ಲುವ ಕೊನೆಗೆ ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವ ಹಾಗೆ ಮತ್ತೆ ಚಿತ್ರೀಕರಿಸಿದರು. ಹಳೆಯ ಸಿನಿಮಾಗಳನ್ನು ಕಾಪಾಡುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಆ ಮೊದಲ ಅಂತ್ಯವನ್ನು ಸೇರಿಸಿ ಸಿನಿಮಾವನ್ನು ಸರಿಪಡಿಸಿತು. 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ, ಡಿಸೆಂಬರ್ 12ರಂದು ನಮ್ಮ ಥಿಯೇಟರುಗಳಲ್ಲಿ ಅದು ತೆರೆಕಂಡಿತು. ನಿರ್ದೇಶಕ ರಮೇಶ್ ಸಿಪ್ಪಿ ಬಯಸಿದ್ದು ಇದೇ ಅಂತ್ಯ. ಆದರೆ ಐವತ್ತು ವರ್ಷ ಜನರ ಬಾಯಲ್ಲಿ ಉಳಿದದ್ದು ಪೊಲೀಸರು ಬರುವ ಅಂತ್ಯ. ಇಲ್ಲಿ ಅಸಲಿ ಯಾವುದು? ನನ್ನ ಮಟ್ಟಿಗೆ, ಹೆದರಿಸಿ ಬದಲಿಸಿದ್ದನ್ನು ವಾಪಸ್ ತಂದದ್ದು ನ್ಯಾಯ. ಆದರೆ ಜನ ನೋಡಿದ ರೂಪವೂ ಚರಿತ್ರೆಯೇ. ಒಂದು ಸರ್ಕಾರ ಸಿನಿಮಾಗೆ ಏನು ಮಾಡಿತು ಎಂದು ತಿಳಿಯಲು ಅದೂ ಬೇಕು.

2025ರ ಆಗಸ್ಟ್ 1ರಂದು ಆದದ್ದಕ್ಕೆ ಮಾತ್ರ ನನ್ನಲ್ಲಿ ಎರಡು ಮನಸ್ಸಿಲ್ಲ. 2013ರ ಹಿಂದಿ ಚಿತ್ರ 'ರಾಂಝಣಾ'ದ ತಮಿಳು ರೂಪವನ್ನು ಮತ್ತೆ ಬಿಡುಗಡೆ ಮಾಡಿದರು. ಕೊನೆಯಲ್ಲಿ ಸಾಯುವ ನಾಯಕ ಕೃತಕ ಬುದ್ಧಿಮತ್ತೆಯ ಸಹಾಯದಿಂದ ಬದುಕಿ ಎದ್ದ. ನಿರ್ದೇಶಕ ಆನಂದ್ ಎಲ್. ರಾಯ್ ಬೇಡವೆಂದರು, ನಟ ಧನುಷ್ ಬೇಡವೆಂದರು. ಹಕ್ಕು ಹೊಂದಿದ ಸಂಸ್ಥೆ ಕೇಳಲಿಲ್ಲ. 1988ರ ಎಚ್ಚರಿಕೆ ನಿಜವಾದದ್ದು ನಮ್ಮ ಪಕ್ಕದಲ್ಲೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ಎಂದರೆ ನಿರ್ಮಾಪಕ, ನಿರ್ದೇಶಕ ಅಲ್ಲ. ಆ ಹಕ್ಕು ಬಿಡುಗಡೆಯ ನಂತರ 60 ವರ್ಷ ಇರುತ್ತದೆ. ಆದ್ದರಿಂದ ಸಿನಿಮಾ ಮಾಡಿದವರೇ ತಡೆಯಲು ನಿಂತರೂ ಕೈಯಲ್ಲಿ ಬಲವಿಲ್ಲ. ಪ್ರೀತಿಸಿದವರ ಕೈಯಲ್ಲಂತೂ ಏನೂ ಇಲ್ಲ, ಟಿಕೆಟ್ ಒಂದನ್ನು ಬಿಟ್ಟು.

ಕನ್ನಡದ ಮರುಬಿಡುಗಡೆಗಳ ಬಗ್ಗೆ ಬರೆಯುವಾಗ ನನ್ನ ಮನಸ್ಸು ಮೆತ್ತಗಾಗುತ್ತದೆ. 2025ರ ಮಾರ್ಚ್ 14ರಂದು 'ಅಪ್ಪು' ಮತ್ತೆ ಬಂತು. ಪುನೀತ್ ಇದ್ದಿದ್ದರೆ ಆ 17ಕ್ಕೆ ಐವತ್ತು ವರ್ಷ ಆಗುತ್ತಿತ್ತು. 2002ರಲ್ಲಿ ವಿಶಲ್ ಹೊಡೆದವರು ಈಗ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಅವರು ಸಿನಿಮಾ ನೋಡಲು ಬಂದವರಲ್ಲ, ಪುನೀತ್ ಅವರನ್ನು ನೋಡಲು ಬಂದವರು. 1995ರ 'ಓಂ' 550ಕ್ಕೂ ಹೆಚ್ಚು ಸಲ ಮರುಬಿಡುಗಡೆಯಾಗಿ ಲಿಮ್ಕಾ ದಾಖಲೆ ಸೇರಿದೆ. ಹೊಸ ಚಿತ್ರವಿಲ್ಲದ ವಾರ ಒಂದೇ ಪರದೆಯ ಥಿಯೇಟರ್ ಬಾಗಿಲು ತೆರೆದಿರುವುದು ಇಂಥವುಗಳಿಂದ. ಹೊಸಬರ ಸಣ್ಣ ಸಿನಿಮಾಕ್ಕೆ ಸಿಗಬೇಕಾದ ಆಟ ಹಳೆಯದಕ್ಕೆ ಹೋಗುತ್ತದೆ ಅನ್ನೋ ದೂರೂ ಇದೆ. ಥಿಯೇಟರುಗಳೇ ಕಡಿಮೆ ಇರುವ ನಮ್ಮಂಥ ಊರಲ್ಲಿ ಆ ದೂರು ನಿಜ.

ಆದರೆ ನನ್ನ ಮುಖ್ಯ ಕಳವಳ ಪ್ರತಿಯ ಗುಣಮಟ್ಟ. ಎರಡು ವರ್ಷದ ಹಿಂದೆ ಹಳೆಯ ಒಂದು ಕನ್ನಡ ಚಿತ್ರ ಮತ್ತೆ ಬಂತೆಂದು ಅಮ್ಮನನ್ನು ಕರೆದುಕೊಂಡು ಹೋದೆ. ಟಿವಿಗೆಂದು ಮಾಡಿದ್ದ ಚೌಕದ ಪ್ರತಿಯನ್ನು ದೊಡ್ಡ ಪರದೆಗೆ ಹಿಗ್ಗಿಸಿದ್ದರು. ನಿಂತವರಿಗೆಲ್ಲ ತಲೆ ಮೇಲಿನ ಭಾಗ ಇಲ್ಲ. ಗೆರೆ ತೆಗೆಯಲು ಹೋಗಿ ಮುಖಗಳನ್ನು ಮೇಣದಂತೆ ಮಾಡಿದ್ದರು. ಒಂದು ಹಾಡೇ ಮಾಯ. ಪೋಸ್ಟರ್ ಮೇಲೆ ಮಾತ್ರ ಹೊಸ ತಂತ್ರಜ್ಞಾನ ಎಂದು ದೊಡ್ಡದಾಗಿ ಬರೆದಿತ್ತು. ಹೊಸ ಸಿನಿಮಾದಷ್ಟೇ ಟಿಕೆಟ್ ದುಡ್ಡು. ಅಮ್ಮ ಇಂಟರ್ವಲ್‌ನಲ್ಲಿ "ಎದ್ದು ಹೋಗಣ ಕಣೋ" ಅಂದರು. ಅವರು ಥಿಯೇಟರಿನಿಂದ ಮಧ್ಯದಲ್ಲಿ ಎದ್ದದ್ದು ಅದೇ ಮೊದಲು.

ಬಣ್ಣದ 'ಕಸ್ತೂರಿ ನಿವಾಸ' ಹಾಗಲ್ಲ. 1971ರ ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣ ಕೊಟ್ಟು 2014ರ ನವೆಂಬರ್‌ನಲ್ಲಿ ತಂದರು. ಶ್ರದ್ಧೆಯಿಂದ ಮಾಡಿದ ಕೆಲಸ, ಜನ ತುಂಬಿಕೊಂಡು ನೋಡಿದರು. ಅಮ್ಮನೂ ನೋಡಿ ಅತ್ತರು. ಹೊರಗೆ ಬಂದ ಮೇಲೆ ಅವರು ಹೇಳಿದ ಮಾತು ನನಗೆ ಮರೆತಿಲ್ಲ: "ಆ ಮನೆ ಮದುವೆ ಮನೆ ಥರ ಕಾಣಿಸ್ತು. ದುಡ್ಡೆಲ್ಲ ಹೋದವನ ಮನೆ ಥರ ಕಾಣಿಸ್ಲಿಲ್ಲ." ಕಪ್ಪು-ಬಿಳುಪಿನಲ್ಲಿ ಕ್ಯಾಮೆರಾದವರು ನೆರಳಿನಲ್ಲಿ ಕಟ್ಟಿದ್ದ ಬಡತನವನ್ನು ಬಣ್ಣ ತೆಳುವಾಗಿಸಿತ್ತು. ಅಕ್ಕನ ಮಗ ಮಾತ್ರ ಬಣ್ಣ ಇಲ್ಲದಿದ್ದರೆ ಆ ಚಿತ್ರವನ್ನು ನೋಡುತ್ತಲೇ ಇರಲಿಲ್ಲ. ಹಾಗಾಗಿ ಬಣ್ಣ ತಪ್ಪು ಎಂದು ನಾನು ಹೇಳಲಾರೆ. ಹತ್ತು ದಿನ ಬಣ್ಣದ್ದು ಓಡಲಿ, ಒಂದು ಭಾನುವಾರ ಬೆಳಗಿನ ಆಟಕ್ಕೆ ಕಪ್ಪು-ಬಿಳುಪು ಹಾಕಲಿ. ಅದು ದೊಡ್ಡ ಬೇಡಿಕೆ ಅಲ್ಲ.

ಹಾಕಬೇಕಾದರೆ ಅದು ಉಳಿದಿರಬೇಕು. ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ಇವತ್ತು ನಮ್ಮಲ್ಲಿಲ್ಲ. ಫಿಲ್ಮ್ ಸೆಖೆಗೆ, ತೇವಕ್ಕೆ ಕೊಳೆಯುತ್ತದೆ. ಡಬ್ಬ ತೆರೆದರೆ ಹುಳಿ ವಾಸನೆ ಬರುತ್ತದೆ, ಬಣ್ಣ ಹೋಗಿ ಎಲ್ಲ ಕೆಂಪಾಗುತ್ತದೆ. ಮಲೆನಾಡಿನ ಅಂಚಿನಲ್ಲಿರುವ ನಮ್ಮ ಕಡೆಯಂತೂ ಒಂದು ಮಳೆಗಾಲ ಸಾಕು. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಸುಮಾರು 2,200 ಸಿನಿಮಾಗಳನ್ನು ಸರಿಪಡಿಸಲು 363 ಕೋಟಿ ರೂಪಾಯಿ ಘೋಷಿಸಿತು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದ ನೆಗೆಟಿವ್ ಉಳಿದದ್ದು ಆ ಪುಣೆಯ ಸಂಗ್ರಹದಲ್ಲಿ. ಅದನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಬಣ್ಣ ಬಳಿಯಲಿಲ್ಲ, ದೃಶ್ಯ ಸೇರಿಸಲಿಲ್ಲ, ಕಪ್ಪು-ಬಿಳುಪು ಹಾಗೇ ಉಳಿಯಿತು. ಆ ಕೆಲಸಕ್ಕೆ ಹಣ ಕೊಟ್ಟದ್ದು ಜಾರ್ಜ್ ಲ್ಯೂಕಾಸ್ ಮತ್ತು ಅವರ ಪತ್ನಿಯ ಕುಟುಂಬ ಪ್ರತಿಷ್ಠಾನ. 'ಘಟಶ್ರಾದ್ಧ'ವೂ 1977ರದ್ದೇ. ಇದನ್ನು ಮೊದಲು ತಿಳಿದಾಗ ನನಗೆ ಅವರ ಮೇಲಿದ್ದ ಸಿಟ್ಟು ಬಹಳ ಇಳಿಯಿತು. ನಮ್ಮ ಭಾಷೆಯ ಸಿನಿಮಾ ಇದ್ದಂತೆಯೇ ಉಳಿಯಲು ಕೈ ಕೊಟ್ಟವರು, ತಮ್ಮ ಸಿನಿಮಾಗೂ ಅಷ್ಟೇ ಮಾಡಲಿ ಎಂದು ಕೇಳುವುದು ತಪ್ಪಲ್ಲ ತಾನೇ? ಈಗ ಐವತ್ತನೇ ವರ್ಷಕ್ಕೆ ಅದೂ ಆಗುತ್ತಿದೆ.

ಹಾಸನದ ಥಿಯೇಟರಿನವರಿಗೆ, ಗಾಂಧಿನಗರದ ವಿತರಕರಿಗೆ ನನ್ನದೊಂದು ಕೋರಿಕೆ. ಹಳೆಯ ಸಿನಿಮಾ ಮತ್ತೆ ತರುವಾಗ ಪೋಸ್ಟರಿನ ಕೆಳಗೆ ಎರಡು ಸಾಲು ಬರೆಯಿರಿ. ಯಾವ ಪ್ರತಿಯಿಂದ ಮಾಡಿದ್ದು: ನೆಗೆಟಿವಾ, ಪ್ರಿಂಟಾ, ಟಿವಿ ಪ್ರತಿಯಾ? ಏನು ಬದಲಾಗಿದೆ, ಎಷ್ಟು ನಿಮಿಷ ಇದೆ? ಓದಿಕೊಂಡು ಬರುವವರು ಬರುತ್ತಾರೆ.

ಅಲ್ಲಿಯವರೆಗೆ ನಾವೇ ಓದಿಕೊಳ್ಳುತ್ತಿದ್ದೇವೆ. ಸಿನಿಮಾ ಶುರುವಾಗುವ ಮುಂಚೆ ಸೆನ್ಸಾರ್ ಸರ್ಟಿಫಿಕೇಟ್ ತೋರಿಸುತ್ತಾರಲ್ಲ, ಅದರಲ್ಲಿ ದಿನಾಂಕವೂ ಉದ್ದವೂ ಇರುತ್ತವೆ. ಮೊನ್ನೆ ಒಂದು ಹಳೆಯ ಚಿತ್ರಕ್ಕೆ ಹೋದಾಗ ಸುತ್ತ ಎಲ್ಲರೂ ಇನ್ನೂ ಸೀಟು ಹುಡುಕುತ್ತಿದ್ದರು. ಅಕ್ಕನ ಮಗ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ಓದಿ, ನನ್ನ ಕಿವಿಯಲ್ಲಿ ಹೇಳಿದ: "ಮಾಮ, ಪೂರ್ತಿ ಇದೆ."